ಎಷ್ಟನೇ ವಯಸ್ಸಿನಲ್ಲಿ?

ಇವತ್ತು ಅಪ್ಪನ ಚೆಕಪ್‌ಗೆ ಫಾರಂ ತುಂಬುತ್ತಿದ್ದೆ. ಮನೆಯಲ್ಲಿ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿದೆಯಾ ಅಂತ ಕೇಳಿ ಸುಮ್ಮನಾಗಿರಲಿಲ್ಲ, ಪಕ್ಕದಲ್ಲೇ ಇನ್ನೊಂದು ಪುಟ್ಟ ಖಾನೆ. ಎಷ್ಟನೇ ವಯಸ್ಸಿನಲ್ಲಿ?

ಅಸಲಿ ಪ್ರಶ್ನೆ ಅದೇ. ಅಪ್ಪನಿಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮುಂಚೆ, ಅಮ್ಮನಿಗೋ ಅಕ್ಕತಂಗಿಯರಿಗೋ 65ಕ್ಕೆ ಮುಂಚೆ ಬಂದಿದ್ದರೆ ಡಾಕ್ಟರು ಅದನ್ನು ವಂಶದ ಅಪಾಯ ಅಂತ ಗಟ್ಟಿಯಾಗಿ ಲೆಕ್ಕಕ್ಕೆ ತಗೊಳ್ತಾರೆ. 80ರಲ್ಲಿ ಬಂದದ್ದಕ್ಕೆ ಅಷ್ಟು ತೂಕ ಇಲ್ಲ.

"ಈ ವಯಸ್ಸಲ್ಲಿ ನನಗೆ ಇನ್ನೆಂಥ ವಂಶ" ಅಂದರು ಅಪ್ಪ. ಅರ್ಧ ನಿಜ. ವಯಸ್ಸಾದಂತೆ ಬಿಪಿ, ಸಕ್ಕರೆ, ವಯಸ್ಸು ಇವೇ ಮುಂದೆ ಬಂದು ನಿಲ್ಲುತ್ತವೆ. ಆದರೆ ಹುಟ್ಟಿನಿಂದ ಬಂದ ಜೀನ್ ಎಲ್ಲೂ ಹೋಗಿರಲ್ಲ. ಲಿಪೋಪ್ರೋಟೀನ್ (ಎ) ಅಂತ ಒಂದಿದೆ, ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಕಣ, ಜಾಸ್ತಿ ಇದ್ದರೆ ಹೃದಯಕ್ಕೆ ಅಪಾಯ. ಅದರ ಮಟ್ಟ ಬಹುಪಾಲು ಜೀನ್‌ಗಳೇ ನಿರ್ಧರಿಸೋದು, ಊಟ ವ್ಯಾಯಾಮಕ್ಕೆಲ್ಲ ಅದು ಬಗ್ಗೋದೇ ಕಡಿಮೆ, ಹಾಗಾಗಿ ಬಹಳ ಜನಕ್ಕೆ ಜೀವನದಲ್ಲಿ ಒಂದು ಸಲ ಪರೀಕ್ಷೆ ಮಾಡಿಸಿದರೆ ಸಾಕು. ಮಾಮೂಲಿ ಕೊಲೆಸ್ಟರಾಲ್ ರಿಪೋರ್ಟಿನಲ್ಲಿ ಇದು ಕಾಣಲ್ಲ, ಕೇಳಿಯೇ ಮಾಡಿಸಬೇಕು!

ನನಗೆ ಜಾಸ್ತಿ ವಿಚಿತ್ರ ಅನಿಸಿದ್ದು ಇನ್ನೊಂದು. ವಯಸ್ಸಾದಂತೆ ರಕ್ತ ತಯಾರಿಸುವ ಕೋಶಗಳಲ್ಲಿ ಹೊಸ ಜೀನ್ ಬದಲಾವಣೆಗಳೂ ಆಗುತ್ತವೆ, ಉದಾಹರಣೆಗೆ ಟೆಟ್2 ಅನ್ನೋ ಜೀನ್‌ನಲ್ಲಿ. 70 ದಾಟಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇಂಥ ಯಾವುದಾದರೂ ಒಂದು ಬದಲಾವಣೆ ಇರುತ್ತೆ, ಹೃದಯದ ಅಪಾಯವನ್ನೂ ಹೆಚ್ಚಿಸುತ್ತೆ. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗೋದೂ ಅಲ್ಲ. ಜೀನ್ ಅಂದರೆ ಬರೀ ಆಸ್ತಿ ಥರ ಹಂಚಿಕೆ ಅಂದುಕೊಂಡಿದ್ವಿ ಅಲ್ವಾ?

ಲಿಪೋಪ್ರೋಟೀನ್ ಟೆಸ್ಟ್ ಮಾತ್ರ ಕೇಳಿ ಮಾಡಿಸುತ್ತೇನೆ. ಅಪ್ಪನಿಗೂ, ನನಗೂ.