ಕಾಫಿ ತೋಟದಲ್ಲಿ ಪ್ರಥಮ ಚಿಕಿತ್ಸೆ: ಮೊದಲು ಹೊರುವುದನ್ನು ಕಲಿಸಿ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ, ಗೊಬ್ಬರದ ಲೆಕ್ಕ, ವಾರದ ಬಟವಾಡೆ ಇವೆಲ್ಲ ಇದ್ದದ್ದೇ. ಅದರ ಜೊತೆಗೆ ಮಳೆ ಹಿಡಿಯುವ ಮುಂಚೆ ಕೆಲಸದವರಿಗೆ ಪ್ರಥಮ ಚಿಕಿತ್ಸೆ ತರಬೇತಿ ಕೊಡಿಸುವ ಜವಾಬ್ದಾರಿಯೂ ಹೇಗೋ ನನ್ನ ತಲೆಗೇ ಬಂದಿದೆ. ಅಕ್ಕಪಕ್ಕದ ತೋಟದವರು, ಹೋಮ್‌ಸ್ಟೇ ನಡೆಸುವವರು ಆಗಾಗ "ನಿಮ್ಮಲ್ಲಿ ಏನೇನು ಕಲಿಸ್ತೀರಿ?" ಅಂತ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಕಲಿಸುವವರನ್ನು ಕರೆಸಿ, ಹಿಂದೆ ನಿಂತು ಕೇಳಿ, ಆಮೇಲೆ ತೋಟದಲ್ಲಿ ಅದು ನಡೆಯುತ್ತದೋ ಇಲ್ಲವೋ ಅಂತ ನೋಡಿದವನು ಅಷ್ಟೆ.

ಮೊದಮೊದಲು ನಮಗೆ ಸಿಗುತ್ತಿದ್ದದ್ದು ಪೇಟೆಯವರಿಗೆ ಹೊಂದುವ ತರಬೇತಿ. ಗೋಡೌನಿನ ಗೋಡೆ ಮೇಲೆ ಪ್ರೊಜೆಕ್ಟರ್ ಬಿಟ್ಟು, ಹಿಂದಿನ ಸಾಲಿನವರು ತೂಕಡಿಸುವ ಹೊತ್ತಿಗೆ ಮುಗಿಸಿ ಹೋಗುತ್ತಿದ್ದರು. ಹೇಳುತ್ತಿದ್ದದ್ದು ತಪ್ಪೇನಲ್ಲ. ಗಾಯವಾದವರನ್ನು ಅಲ್ಲಾಡಿಸಬೇಡಿ, 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ತನಕ ಕಾಯಿರಿ. ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಬಿದ್ದವನಿಗೆ ಇದು ಸರಿ. ನಮ್ಮ ಕೆಳಗಿನ ಬ್ಲಾಕಿನಲ್ಲಿ ಬಿದ್ದವನಿಗೆ? ಅಲ್ಲಿ ಸಿಗ್ನಲ್ ಬೇಕಂದ್ರೆ ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ ಇರುವ ಕಟ್ಟಡ) ತನಕ ಏರು ಹತ್ತಬೇಕು. ಆಂಬುಲೆನ್ಸ್ ಬಂದರೂ ಗೇಟಿನವರೆಗೆ. ಒಳಗೆ ಜೀಪು ಬಿಟ್ಟರೆ ಬೇರೇನೂ ಇಳಿಯುವುದಿಲ್ಲ, ಮಳೆಗಾಲದಲ್ಲಿ ಕೆಲವು ಕಡೆ ಅದೂ ಇಲ್ಲ. ಮೂಡಿಗೆರೆ ಆಸ್ಪತ್ರೆಯಲ್ಲಿ ಆಗದಿದ್ದರೆ ಮುಂದೆ ಸುಮಾರು 30 ಕಿ.ಮೀ. ದೂರದ ಚಿಕ್ಕಮಗಳೂರು, ಇಲ್ಲಾ ಹಾಸನ, ಇಲ್ಲಾ ಚಾರ್ಮಾಡಿ ಇಳಿದು ಮಂಗಳೂರು. ಘಾಟಿಯಲ್ಲಿ ಮರ ಬಿದ್ದ ದಿನ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ.

ಹಾಗಾಗಿ ನಮ್ಮಂಥವರಿಗೆ ಮೊದಲ ಐದು ನಿಮಿಷದ ಪಾಠದ ಜೊತೆಗೆ ಆಮೇಲಿನ ಎರಡು ಗಂಟೆಯ ಪಾಠವೂ ಬೇಕು. ಇದನ್ನು ಬಾಯಿಬಿಟ್ಟು ಕೇಳಿಯೇ ಮಾಡಿಸಿಕೊಳ್ಳಬೇಕಾಯಿತು. ಈಗ ತರಬೇತಿಯ ಅರ್ಧ ಹೊತ್ತು ಹೋಗುವುದು ಹೊರುವುದಕ್ಕೆ ಮತ್ತು ಸುದ್ದಿ ಮುಟ್ಟಿಸುವುದಕ್ಕೆ.

ಹೊರುವುದು ಅಂದ್ರೆ ಏನು ಮಹಾ ಅಂತ ನನಗೂ ಅನಿಸುತ್ತಿತ್ತು. ಮೂಟೆ ಹೊತ್ತು ಅಭ್ಯಾಸ ಇರುವ ಜನ ತಾನೇ? ಎರಡು ಗಟ್ಟಿ ಬಿದಿರ ಗಳು, ಮೂರು ಕಾಫಿ ಗೋಣಿ. ಗೋಣಿಯ ತಳದ ಎರಡು ಮೂಲೆ ಕತ್ತರಿಸಿ ಗಳು ತೂರಿಸಿದರೆ ಸ್ಟ್ರೆಚರ್ ರೆಡಿ. ಗಾಯಾಳುವನ್ನು ಮಲಗಿಸುವ ಮುಂಚೆ ಗಟ್ಟಿಮುಟ್ಟಾದ ಒಬ್ಬರನ್ನು ಮಲಗಿಸಿ ನೋಡಬೇಕು ಅಂದರು ತರಬೇತಿಯವರು. "ರೈಟ್ರೇ, ನೀವೇ ಮಲಗಿ" ಅಂತ ಹೆಂಗಸರೆಲ್ಲ ನಕ್ಕರು. ಮಲಗಿದೆ. ಸಪಾಟು ಕಣದಲ್ಲಿ ಏನೂ ತೊಂದರೆ ಆಗಲಿಲ್ಲ. ಇಳಿಜಾರಿಗೆ ಬಂದ ತಕ್ಷಣ ಮುಂದಿನವರು ಒಂದು ಹೆಜ್ಜೆ ಕೆಳಗೆ, ಹಿಂದಿನವರು ಇನ್ನೂ ಮೇಲೆ. ನಾನು ಕಾಲಿನ ಕಡೆ ಜಾರತೊಡಗಿದೆ. ಗಿಡದ ರೆಂಬೆ ಮುಖಕ್ಕೆ ಬಡಿಯುತ್ತಿದೆ, ಯಾರು ಎಲ್ಲಿ ತಿರುಗುತ್ತಾರೆ ಅಂತ ಗೊತ್ತಾಗುವುದಿಲ್ಲ, ಎದೆ ಹೊಡೆದುಕೊಳ್ಳುತ್ತಿದೆ. ಮೈಯಲ್ಲಿ ಒಂದು ಮೂಳೆಯೂ ಮುರಿಯದ ನನಗೇ ಹೀಗಾದರೆ ಸೊಂಟ ಮುರಿದವನ ಗತಿ ಏನು?

ಅವತ್ತಿನಿಂದ ಕೆಲವು ಕ್ರಮ ಖಾಯಂ ಆದವು. ಒಬ್ಬರೇ ಹುಕುಂ ಕೊಡುವುದು, ಉಳಿದವರು ಬಾಯಿ ಮುಚ್ಚುವುದು. ಹುಕುಂ ಕೊಡುವವರು ತಲೆಯ ಕಡೆ ಇರುತ್ತಾರೆ, ಮಲಗಿದವರಿಗೂ ಹೇಳುತ್ತಾರೆ: "ಈಗ ಎತ್ತುತ್ತೇವೆ, ಈಗ ಎಡಕ್ಕೆ ತಿರುಗುತ್ತೇವೆ." ಇಳಿಯುವಾಗ ಕಾಲು ಮುಂದೆ, ಹತ್ತುವಾಗ ತಲೆ ಮುಂದೆ. ಹೊರಲು ಆರು ಜನ, ಕೈ ಬದಲಾಯಿಸಲು ಇನ್ನಾರು ಜನ, ಕತ್ತಿ ಹಿಡಿದು ಮುಂದೆ ದಾರಿ ಬಿಡಿಸಲು ಒಬ್ಬರು. ಎದೆಗೂ ತೊಡೆಗೂ ಸಡಿಲವಾಗಿ ಒಂದೊಂದು ಪಂಚೆ ಕಟ್ಟುತ್ತೇವೆ, ಜಾರದ ಹಾಗೆ. ಮೈ ಕೆಳಗೊಂದು ಕಂಬಳಿ, ಮೇಲೊಂದು. ಕೆಳಗಿನ ಕಂಬಳಿಯನ್ನೇ ಎಲ್ಲರೂ ಮರೆಯುವುದು. ರಕ್ತ ಹೋದ ಮೈ ಬೇಗ ತಣ್ಣಗಾಗುತ್ತದೆ, ತಣ್ಣಗಾದ ಮೈಯಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಜುಲೈ ಮಳೆಯಲ್ಲಿ ಒದ್ದೆ ನೆಲದ ಮೇಲೆ ಮಲಗಿಸಿ ಮೇಲಿನಿಂದ ಮಾತ್ರ ಹೊದಿಸಿದರೆ ಅರ್ಧ ಕೆಲಸವೂ ಆಗಲಿಲ್ಲ.

ಇದರ ಪ್ರಯೋಜನ ಗೊತ್ತಾದದ್ದು ಒಂದು ಕಾಳುಮೆಣಸಿನ ಕೊಯ್ಲಿನಲ್ಲಿ. ಜಾರ್ಖಂಡದಿಂದ ಬಂದ ಒಬ್ಬ ಹುಡುಗ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದ. ಸುತ್ತಲಿನವರು ಓಡಿ ಬಂದು ಎಂದಿನ ಹಾಗೆ "ಎಬ್ಬಿಸಿ ಕೂರಿಸ್ರೋ, ನೀರು ಕುಡಿಸಿ" ಅಂದರು. ತರಬೇತಿಗೆ ಬಂದಿದ್ದ ಹಿರಿಯ ಅಕ್ಕ ಒಬ್ಬರು ಯಾರನ್ನೂ ಹತ್ತಿರ ಬಿಡಲಿಲ್ಲ. ಅವನ ತಲೆ ಹತ್ತಿರ ನೆಲಕ್ಕೆ ಕೂತು, ಎರಡೂ ಅಂಗೈಯಿಂದ ತಲೆಯನ್ನು ಆಚೀಚೆ ಹೊರಳದಂತೆ ಹಿಡಿದರು. ಅವರಿಗೆ ಹಿಂದಿ ಬಾರದು, ಅವನಿಗೆ ಕನ್ನಡ ಬಾರದು. ಇನ್ನೊಬ್ಬಳ ಕೈಲಿ ಅವನ ಹೆಬ್ಬೆರಳು ಮುಟ್ಟಿಸಿ, "ಆಡಿಸು, ಆಡಿಸು" ಅಂತ ತಮ್ಮ ಕಾಲಿನ ಹೆಬ್ಬೆರಳನ್ನೇ ಆಡಿಸಿ ತೋರಿಸಿದರು. ಅವನು ಆಡಿಸಿದ. ನಾನು ಹೋಗುವ ಹೊತ್ತಿಗೆ ಪಲ್ಪರ್ ಮನೆಯ ಹಲಗೆ ಬಂದಿತ್ತು. ಒಬ್ಬರು ತಲೆ ಹಿಡಿದು, ಉಳಿದವರು ಹೆಗಲು, ಸೊಂಟ, ಕಾಲು ಹಿಡಿದು, ಒಂದೇ ಮಾತಿಗೆ ಪಕ್ಕಕ್ಕೆ ಹೊರಳಿಸಿ ಹಲಗೆ ತೂರಿಸಿದೆವು. ಜೀಪಿನ ಹಿಂದಿನ ಸೀಟು ಮಡಚಿ ನೆಟ್ಟಗೆ ಮಲಗಿಸಿದೆವು. ಪಾದ ಹೊರಗೆ ಚಾಚಿಕೊಂಡಿತ್ತು, ಇರಲಿ. ಬೆನ್ನುಮೂಳೆಯ ಒಂದು ಗಂಟು ಬಿರುಕು ಬಿಟ್ಟಿತ್ತು, ನರಕ್ಕೆ ಏಟಾಗಿರಲಿಲ್ಲ. ಎಬ್ಬಿಸಿ ಕೂರಿಸಿದ್ದರೆ ಏನಾಗುತ್ತಿತ್ತೋ ಯಾರು ಬಲ್ಲರು. ಪುಸ್ತಕದ ಪ್ರಕಾರ ಅವನನ್ನು ಅಲ್ಲೇ ಬಿಟ್ಟು ಕಾಯಬೇಕಿತ್ತು. ತೋಟದಲ್ಲಿ ಕಾಯುವುದಕ್ಕೂ ಒಂದು ಮಿತಿ ಇದೆ ಅಲ್ವಾ?

ಏಣಿ ಅಂದಾಗ ಇದೊಂದು ಹೇಳಿಬಿಡುತ್ತೇನೆ. ಹಗುರ ಅಂತ ಎಲ್ಲರೂ ಅಲ್ಯೂಮಿನಿಯಂ ಏಣಿ ತರುತ್ತಾರೆ. ಅದನ್ನು ನಿಲ್ಲಿಸಿಕೊಂಡೇ ಮರದಿಂದ ಮರಕ್ಕೆ ಹೋಗುವಾಗ ಮೇಲಿನ ಕರೆಂಟ್ ತಂತಿಗೆ ತಾಗಿ ಮಲೆನಾಡಿನಲ್ಲಿ, ಕೊಡಗಿನಲ್ಲಿ ಎಷ್ಟೋ ಜನ ಸತ್ತಿದ್ದಾರೆ. ತಂತಿ ಹಾದುಹೋಗುವ ಸಾಲಿಗೆ ಬಿದಿರ ಏಣಿ ಇಲ್ಲವೇ ಫೈಬರ್ ಏಣಿ ಅಂತ ನಮ್ಮಲ್ಲಿ ಕಟ್ಟುನಿಟ್ಟು. ತಾಗಿಬಿಟ್ಟರೆ? ಹಿಡಿದು ಎಳೆಯಲು ಹೋದವನೂ ಹೋಗುತ್ತಾನೆ. ದೂರ ನಿಂತು ಮೆಸ್ಕಾಂನ 1912ಕ್ಕೆ, ಗೊತ್ತಿರುವ ಲೈನ್‌ಮನ್‌ಗೆ ಫೋನ್ ಮಾಡಿ ಲೈನ್ ತೆಗೆಸಿದ ಮೇಲೇ ಮುಟ್ಟಬೇಕು. ಸಿಡಿಲು ಹೊಡೆದವರ ವಿಷಯ ಮಾತ್ರ ಬೇರೆ. ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ತಕ್ಷಣ ಮುಟ್ಟಬಹುದು. ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರು ಮಾಡಬೇಕು: ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ.ಗಿಂತ ಕಡಿಮೆ ಇಲ್ಲದಷ್ಟು ಆಳ. ಒಬ್ಬರೇ ಒತ್ತುತ್ತಾ ಇದ್ದರೆ ಎರಡು ನಿಮಿಷಕ್ಕೇ ಕೈ ಸೋಲುತ್ತದೆ, ಆಗ ಬದಲಾಯಿಸಿಕೊಳ್ಳಬೇಕು. ದಿಂಬಿನ ಮೇಲೆ ಒತ್ತಿ ಅಭ್ಯಾಸ ಮಾಡಿಸಿದರೆ ಈ ಸೋಲು ಎಲ್ಲರಿಗೂ ಗೊತ್ತಾಗುತ್ತದೆ.

ಹಾವಿನ ವಿಷಯದಲ್ಲಿ ಕಲಿಸುವುದು ಕಡಿಮೆ, ಮರೆಸುವುದು ಜಾಸ್ತಿ. ಕೊಯ್ದು ರಕ್ತ ಬಿಡುವುದು, ಬಾಯಿಂದ ಹೀರುವುದು, ಮೇಲೆ ಬಿಗಿಯಾಗಿ ಹಗ್ಗ ಕಟ್ಟುವುದು, ನಾಟಿ ಔಷಧಿ ಕೊಡುವವರ ಮನೆಗೆ ಒಂದು ಸುತ್ತು ಹೋಗಿ ಬರುವುದು. ಇದರಲ್ಲಿ ಕೊನೆಯದೇ ಎಲ್ಲಕ್ಕಿಂತ ಕಷ್ಟ. ಆ ಹಿರಿಯರನ್ನು ಬೈದು ಪ್ರಯೋಜನ ಇಲ್ಲ. "ಮೊದಲು ಆಸ್ಪತ್ರೆ, ಬಂದ ಮೇಲೆ ಬೇಕಾದರೆ ಅವರ ಹತ್ತಿರ ಹೋಗೋಣ" ಅಂದರೆ ಜನ ಒಪ್ಪುತ್ತಾರೆ. ಬಳೆ, ಉಂಗುರ, ಕಾಲುಂಗುರ ಊತ ಬರುವ ಮುಂಚೆ ಬಿಚ್ಚಬೇಕು. ಕಡಿದ ಕಾಲನ್ನು ಕೋಲು ಕಟ್ಟಿ ಅಲ್ಲಾಡದ ಹಾಗೆ ಇಡಬೇಕು, ನಡೆಸಬಾರದು. ಅಂದ್ರೆ ಇಲ್ಲಿಯೂ ಹೊರಬೇಕು. ಹಾವು ಹುಡುಕಿ ಹೊಡೆಯಲು ಹೋಗಿ ಇನ್ನೊಬ್ಬ ಕಡಿಸಿಕೊಳ್ಳುವುದು ಬೇಡ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಿಗುವ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಕಾಫಿ ಗಿಡದ ಬುಡದ ತರಗೆಲೆಯಲ್ಲಿ ಅಡಗುವ ಮೂಗಿನ ತುದಿ ಮೇಲಕ್ಕೆದ್ದ ಸಣ್ಣ ಮಂಡಲಕ್ಕೆ (ಹಂಪ್-ನೋಸ್ಡ್ ಪಿಟ್ ವೈಪರ್) ಅದು ಕೆಲಸ ಮಾಡುವುದಿಲ್ಲ. ಹಾಗಂತ ಆಸ್ಪತ್ರೆ ಬೇಡ ಅಂತಲ್ಲ. ಆ ಹಾವು ಕಡಿದರೆ ಕೆಲವರಿಗೆ ಕಿಡ್ನಿಗೆ ಪೆಟ್ಟು ಬೀಳುತ್ತದೆ, ಡಾಕ್ಟರ ಕಣ್ಣೆದುರೇ ಇರಬೇಕು. ಕಟ್ಟುಹಾವು ಲೈನ್ ಮನೆಯಲ್ಲಿ (ಕೆಲಸದವರ ಸಾಲು ಮನೆ) ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುತ್ತದೆ, ಎಷ್ಟೋ ಸಲ ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗ್ಗೆ ಎದ್ದವರಿಗೆ ಹೊಟ್ಟೆನೋವು, ಕಣ್ಣಿನ ರೆಪ್ಪೆ ಜೋತು ಬಿದ್ದರೆ ನಿದ್ದೆಗಣ್ಣು ಅಂತ ಬಿಡಬಾರದು. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯದೇ ಆಯಿತು.

ಹಾವಿಗೆ ಕಟ್ಟಬೇಡಿ ಅಂತ ಗಂಟಲು ಹರಿಯುವ ತನಕ ಹೇಳಿ, ಮುಂದಿನ ಪಾಠದಲ್ಲೇ "ಕಳೆ ಹೊಡೆಯುವ ಮೆಷಿನ್ ತಗುಲಿ ಕಾಲಿನಿಂದ ರಕ್ತ ಚಿಮ್ಮಿದರೆ ಬಿಗಿಯಾಗಿ ಕಟ್ಟಿ" ಅಂದರೆ ಜನ ಮುಖ ಮುಖ ನೋಡುತ್ತಾರೆ. ಅದಕ್ಕೇ ಈ ಎರಡನ್ನೂ ಬೇರೆ ಬೇರೆ ದಿನ ಇಟ್ಟುಕೊಳ್ಳಿ ಅಂತ ನನ್ನ ಸಲಹೆ. ಗಾಯಕ್ಕೆ ಮೊದಲ ಮದ್ದು ಒತ್ತುವುದು. ಒಗೆದ ಬಟ್ಟೆ ಇಟ್ಟು ಎರಡೂ ಕೈಯಿಂದ ಒತ್ತಿ, ಹತ್ತು ನಿಮಿಷ ಎತ್ತಿ ನೋಡಬಾರದು. ಈ "ನಿಂತಿತಾ ನೋಡೋಣ" ಅನ್ನುವ ಚಪಲವೇ ರಕ್ತ ನಿಲ್ಲದಂತೆ ಮಾಡುತ್ತದೆ. ಬಟ್ಟೆ ತೊಯ್ದರೆ ಅದರ ಮೇಲೇ ಇನ್ನೊಂದು. ಅಷ್ಟಾದರೂ ಕೈ ಕಾಲಿನಿಂದ ಚಿಮ್ಮುತ್ತಲೇ ಇದ್ದರೆ ಮಾತ್ರ ಗಾಯದ ಮೇಲ್ಭಾಗಕ್ಕೆ ಅಗಲದ ಪಟ್ಟಿ ಸುತ್ತಿ, ಕಡ್ಡಿ ಸಿಕ್ಕಿಸಿ ತಿರುವಿ, ಕಟ್ಟಿದ ಹೊತ್ತು ಪೆನ್ನಿನಲ್ಲಿ ಬರೆಯಬೇಕು. ಆಮೇಲೆ ಬಿಚ್ಚುವುದು ಡಾಕ್ಟರ ಕೆಲಸ. ಮತ್ತೆ, ದಯವಿಟ್ಟು, ಗಾಯಕ್ಕೆ ಕಾಫಿಪುಡಿ ಹಾಕಬೇಡಿ. ನಮ್ಮೂರಲ್ಲಿ ಅದಕ್ಕೆ ಬರ ಇಲ್ಲ ನಿಜ, ಆದರೆ ಆಸ್ಪತ್ರೆಯವರು ಹೊಲಿಗೆ ಹಾಕುವ ಮುಂಚೆ ಅದನ್ನೆಲ್ಲ ಕೆರೆದು ತೊಳೆಯಬೇಕಾಗುತ್ತದೆ. ಅದು ಗಾಯಕ್ಕಿಂತ ಜಾಸ್ತಿ ನೋವು.

ಗಿಡಕ್ಕೆ ಕೀಟದ ಔಷಧಿ ಹೊಡೆಯುವವರಿಗೆ ತಲೆಸುತ್ತು, ಬಾಯಲ್ಲಿ ನೊರೆ, ಬೆವರು ಬಂದರೆ ಒದ್ದೆ ಬಟ್ಟೆ ಬಿಚ್ಚಿಸಿ ಸೋಪು ಹಾಕಿ ಮೈ ತೊಳೆಸಿ, ವಾಂತಿ ಮಾಡಿಸಬೇಡಿ, ಡಬ್ಬದ ಲೇಬಲ್ ಜೊತೆಗೆ ಕಳಿಸಿ. ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡುವುದು. ತುಟಿ ಊದಿದರೆ, ಉಸಿರು ಕಟ್ಟಿದರೆ ಒಂದು ನಿಮಿಷವೂ ತಡ ಮಾಡುವ ಹಾಗಿಲ್ಲ. ಇಂಬಳಕ್ಕೆ ತರಬೇತಿ ಬೇಡ, ಅದರಲ್ಲಿ ನಮ್ಮವರೇ ಮೇಷ್ಟ್ರು.

ಇನ್ನು ಸುದ್ದಿ ಮುಟ್ಟಿಸುವುದು. ಗಾಬರಿಯಲ್ಲಿ ಓಡಿ ಬಂದವರು "ಬೇಗ ಬನ್ನಿ, ಬಿದ್ದುಬಿಟ್ಟ" ಅನ್ನುತ್ತಾರೆ. ಯಾರು, ಎಲ್ಲಿ, ಎಚ್ಚರ ಇದೆಯಾ, ಯಾವುದೂ ಇಲ್ಲ. ಈಗ ಇಬ್ಬರನ್ನು ಕಳಿಸುತ್ತೇವೆ, ಒಬ್ಬರನ್ನೇ ಅಲ್ಲ. ಹೊರಡುವ ಮುಂಚೆ ಹೇಳಬೇಕಾದ್ದನ್ನು ಒಮ್ಮೆ ಬಾಯಿಬಿಟ್ಟು ಹೇಳಿಯೇ ಹೋಗಬೇಕು: ಯಾವ ಬ್ಲಾಕು, ಏನಾಯಿತು, ಉಸಿರು ಮತ್ತು ಮಾತು ಇದೆಯಾ, ಜೀಪು ಎಲ್ಲಿಯವರೆಗೆ ಬರಬಹುದು. ನಿಮ್ಮ ಸಿಮ್ಮಿನ ಸಿಗ್ನಲ್ ಇಲ್ಲದ ಕಡೆಯೂ ಬೇರೆ ಕಂಪನಿಯ ಟವರ್ ಸಿಗುವ ಹಾಗಿದ್ದರೆ 112 ಹೋಗುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. 108ರವರಿಗೆ ತೋಟದ ಹೆಸರು ಹೇಳಿದರೆ ಸಾಲದು, ಟಾರ್ ರಸ್ತೆಯ ಬಸ್ ಸ್ಟಾಪ್ ಹೆಸರು ಹೇಳಬೇಕು, ಅಲ್ಲಿ ಒಬ್ಬರು ಟಾರ್ಚ್ ಹಿಡಿದು ನಿಲ್ಲಬೇಕು. ಎಷ್ಟೋ ಸಲ ಜೀಪಿನಲ್ಲಿ ಹೊರಟು ಆಂಬುಲೆನ್ಸನ್ನು ಅರ್ಧ ದಾರಿಯಲ್ಲಿ ಸೇರುವುದೇ ಬೇಗ.

ತರಬೇತಿಗೆ ಯಾರನ್ನು ಕೂರಿಸಬೇಕು ಅನ್ನುವುದರಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಸರ್ಟಿಫಿಕೇಟ್ ಬರುವುದು ಆಫೀಸಿನವರ ಹೆಸರಿಗೆ, ಏಟಾಗುವುದು ಗಿಡದ ಸಾಲಿನಲ್ಲಿ. ಹಣ್ಣು ಬಿಡಿಸುವ ಹೆಂಗಸರು, ಮೇಸ್ತ್ರಿ, ಜೀಪ್ ಡ್ರೈವರ್, ಹೊರಗಿನಿಂದ ಬಂದ ಹುಡುಗರಲ್ಲಿ ಕನ್ನಡ ಸ್ವಲ್ಪ ಬರುವ ಒಬ್ಬ, ಇವರು ಮೊದಲು. ಅವತ್ತಿನ ಕೂಲಿ ಕೊಟ್ಟೇ ಕೂರಿಸಬೇಕು. ಭಾನುವಾರ ಸುಮ್ನೆ ಬನ್ನಿ ಅಂದರೆ ಯಾರೂ ಬರುವುದಿಲ್ಲ, ಬರಬೇಕೂ ಇಲ್ಲ.

ಮದ್ದಿನ ಪೆಟ್ಟಿಗೆ ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ ಅದು ತಪಾಸಣೆಗೆ ಬರುವವರಿಗೆ ತೋರಿಸಲು ಮಾತ್ರ. ನಮ್ಮಲ್ಲಿ ಮೇಸ್ತ್ರಿಗಳ ಹತ್ತಿರ ಒಂದೊಂದು ಚೀಲ ಇದೆ: ಅಗಲದ ಬ್ಯಾಂಡೇಜ್, ಒಗೆದ ಬಟ್ಟೆ, ಕೈಗವಸು, ಕತ್ತರಿ, ಪೆನ್ನು, ಟಾರ್ಚು, ಮಡಚಿದ ಗೋಣಿ. ತಿಂಗಳ ಮೊದಲ ಬಟವಾಡೆ ದಿನ ಬಿಚ್ಚಿ ಎಣಿಸುತ್ತೇವೆ. ಬ್ಯಾಂಡೇಜ್ ಇದ್ದಷ್ಟೂ ಇರುತ್ತದೆ, ಕತ್ತರಿ ಮಾತ್ರ ಯಾರದೋ ಮನೆಗೆ ಹೋಗಿರುತ್ತದೆ. ಈಗ ಕತ್ತರಿಗೆ ದಾರ ಹಾಕಿ ಚೀಲಕ್ಕೇ ಹೊಲಿಸಿದ್ದೇವೆ.