ಸವೆದ ಶಾಫ್ಟಿಗೆ ಮೆಟಲ್ ಸ್ಪ್ರೇ: ಹಿಡಿತ ಎಲ್ಲಿಂದ ಬರುತ್ತದೆ?

ತುಮಕೂರಿನ ಅಂತರಸನಹಳ್ಳಿ ಕಡೆಯ ವರ್ಕ್‌ಶಾಪಿಗೆ ಬೇರಿಂಗ್ ಸೀಟು (ಬೇರಿಂಗ್ ಕೂರುವ ಜಾಗ) ಸವೆದ 50 ಮಿ.ಮೀ. ಮೋಟಾರ್ ಶಾಫ್ಟೊಂದು ಬಂದಿದೆ ಅಂದುಕೊಳ್ಳಿ. ಸುತ್ತಲೂ ವೆಲ್ಡಿಂಗ್ ತುಂಬಿದರೆ ಶಾಫ್ಟು ಬಾಗುವ ಭಯ. ಕರಗಿದ ಲೋಹವನ್ನು ಹನಿಹನಿಯಾಗಿ ಸಿಂಪಡಿಸಿ ಪದರ ಕಟ್ಟುವ ಮೆಟಲ್ ಸ್ಪ್ರೇಯಲ್ಲಿ ಆ ಭಯವಿಲ್ಲ. ಆದರೆ ಲೋಹ ಕರಗಿ ಬೀಳುತ್ತದೆ, ಹಾಗಾಗಿ ಬೆಸೆದುಕೊಳ್ಳುತ್ತದೆ ಎಂದು ನಂಬಿ ಕೆಲಸ ಶುರುಮಾಡಿದರೆ ಪದರ ಎದ್ದು ಬರುವುದು ಖಂಡಿತ.

ಆರ್ಕ್ ಸ್ಪ್ರೇ ಗನ್ನಿನಲ್ಲಿ 1.6 ಮಿ.ಮೀ.ನ ಎರಡು ತಂತಿಗಳು ಎದುರುಬದುರಾಗಿ ಬಂದು, 30 ವೋಲ್ಟ್ ಆಸುಪಾಸಿನ ಡಿಸಿ ಆರ್ಕಿನಲ್ಲಿ ಕರಗುತ್ತವೆ. ಹಿಂದಿನಿಂದ ನುಗ್ಗುವ ಗಾಳಿ ಆ ದ್ರವವನ್ನು ಸಣ್ಣ ಸಣ್ಣ ಹನಿ ಮಾಡಿ ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಎಸೆಯುತ್ತದೆ. ಶಾಫ್ಟಿಗೆ ಬಡಿದ ಹನಿ ಚಪ್ಪಟೆಯಾಗಿ, ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲೇ ಗಟ್ಟಿಯಾಗುತ್ತದೆ. ಶಾಫ್ಟಿನ ಮೈ ಕರಗುವಷ್ಟು ಶಾಖ ಅದರಲ್ಲಿ ಇರುವುದಿಲ್ಲ. ಗೋಡೆಗೆ ತಟ್ಟಿದ ಬೆರಣಿಯನ್ನು ನೆನಪಿಸಿಕೊಳ್ಳಿ: ಒರಟು ಮಣ್ಣಿನ ಗೋಡೆಗೆ ಕಚ್ಚಿಕೊಳ್ಳುತ್ತದೆ, ನುಣ್ಣನೆ ಗಾರೆಯಿಂದ ಜಾರುತ್ತದೆ. ಇಲ್ಲಿಯೂ ಹಿಡಿತವೆಂದರೆ ಬಹುಪಾಲು ಆ ಕಚ್ಚುವಿಕೆಯೇ.

ಹಾಗಾಗಿ ಅರ್ಧಕ್ಕಿಂತ ಹೆಚ್ಚು ಕೆಲಸ ಗನ್ ಹಿಡಿಯುವ ಮೊದಲೇ ಮುಗಿದಿರಬೇಕು. ಸವೆದಷ್ಟನ್ನು ಮಾತ್ರ ತುಂಬಲು ಹೋಗಬೇಡಿ. ಪಕ್ಕಕ್ಕೆ ಅರ್ಧ ಮಿ.ಮೀ.ನಂತೆ ಲೇತಿನಲ್ಲಿ ಟರ್ನ್ ಮಾಡಿ 49ಕ್ಕೆ ಇಳಿಸಿ. ಹೀಗೆ ಆದ ತಗ್ಗಿನ (ಅಂಡರ್‌ಕಟ್) ಎರಡೂ ತುದಿ ಇಳಿಜಾರಾಗಿರಲಿ. ನೆಟ್ಟಗೆ ನಿಂತ ಮೂಲೆಯಲ್ಲಿ ಹನಿ ತುಂಬದೆ ಟೊಳ್ಳು ಉಳಿಯುತ್ತದೆ. ಎಣ್ಣೆ ಪೂರ್ತಿ ತೆಗೆದು, 24 ಮೆಶ್‌ನ ಚೂಪಾದ ಅಲ್ಯುಮಿನಾ ಹರಳುಗಳನ್ನು (ಗ್ರಿಟ್) ಗಾಳಿಯ ರಭಸದಲ್ಲಿ ಬಡಿಸಿ ಬ್ಲಾಸ್ಟ್ ಮಾಡಿ. ಬಳಸಿ ಬಳಸಿ ಮೊಂಡಾದ ಗ್ರಿಟ್ ಮೈಯನ್ನು ಒರಟು ಮಾಡುವುದಿಲ್ಲ, ಬರೀ ಬಡಿಯುತ್ತದೆ. ಬ್ಲಾಸ್ಟ್ ಆದ ಜಾಗಕ್ಕೆ ಬರಿಗೈ ಸೋಕಿಸಬೇಡಿ, ಬೆರಳಿನ ಜಿಡ್ಡು ಸಾಕು ಪದರ ಏಳಲು.

ಬಳಸುವ ಗಾಳಿಯೂ ಶುದ್ಧವಾಗಿರಬೇಕು: ಕಂಪ್ರೆಸರ್ ಗಾಳಿಯ ಮುಂದೆ ಬಿಳಿ ಬಟ್ಟೆಯನ್ನು ಅರ್ಧ ನಿಮಿಷ ಹಿಡಿಯಿರಿ. ಒಂದು ಎಣ್ಣೆ ಚುಕ್ಕೆ ಕಂಡರೂ, ತೇವ ತಾಕಿದರೂ ಕೆಲಸ ನಿಲ್ಲಿಸಿ. ಮಳೆಗಾಲದಲ್ಲಿ ಈ ಪರೀಕ್ಷೆ ತಪ್ಪಿಸಲೇಬಾರದು. ಬ್ಲಾಸ್ಟ್ ಆದ ಮೇಲೆ ತಡಮಾಡಿದರೆ ಕಣ್ಣಿಗೆ ಕಾಣದ ತುಕ್ಕು ಕೂರುತ್ತದೆ. ತೇವ ಆರಿಸಲು 80ರಿಂದ 100 ಡಿಗ್ರಿವರೆಗೆ ಬಿಸಿ ಮಾಡಿ. ಜ್ವಾಲೆಯನ್ನು ಬ್ಲಾಸ್ಟ್ ಆದ ಜಾಗದ ಪಕ್ಕಕ್ಕೆ ಕೊಡಿ. ನೇರ ಹಿಡಿದರೆ ತಣ್ಣನೆ ಮೈ ಮೇಲೆ ಜ್ವಾಲೆಯದೇ ನೀರು ಬೆವರುತ್ತದೆ.

ಮೊದಲು ನಿಕ್ಕಲ್-ಅಲ್ಯುಮಿನಿಯಂ ತಂತಿಯಿಂದ 0.1 ಮಿ.ಮೀ. ಬಾಂಡ್ ಕೋಟ್ (ಹಿಡಿತ ಕೊಡುವ ತಳಪದರ), ಅದರ ಮೇಲೆ ಶೇ. 13 ಕ್ರೋಮಿಯಂ ಉಕ್ಕು. 18/8 ಸ್ಟೇನ್‌ಲೆಸ್ (ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್) ಯಾಕಲ್ಲ ಎಂದರೆ, ಅದು ತಣ್ಣಗಾಗುವಾಗ ಹೆಚ್ಚು ಕುಗ್ಗುತ್ತದೆ. ಪದರ ದಪ್ಪವಾದಂತೆ ಆ ಎಳೆತ ಕೂಡುತ್ತಾ ಹೋಗಿ ಅಂಚು ಕಿತ್ತು ಬರುತ್ತದೆ. 13 ಕ್ರೋಮಿಯಂ ಕಡಿಮೆ ಕುಗ್ಗುತ್ತದೆ, ತಣ್ಣಗಾಗುವಾಗ ಅದರ ಒಳರಚನೆ ಬದಲಾಗಿ ಸ್ವಲ್ಪ ಹಿಗ್ಗುವುದರಿಂದ ಎಳೆತವೂ ತಗ್ಗುತ್ತದೆ.

ಗನ್ 100ರಿಂದ 150 ಮಿ.ಮೀ. ದೂರದಲ್ಲಿ, ಮೈಗೆ ಲಂಬವಾಗಿರಲಿ. ಮೈಯ ವೇಗ ನಿಮಿಷಕ್ಕೆ 30 ಮೀಟರ್ ಬೇಕಾದರೆ ಈ ಶಾಫ್ಟು ಸುಮಾರು 190 ಸುತ್ತು ತಿರುಗಬೇಕು. ಒಂದೇ ಜಾಗದಲ್ಲಿ ನಿಲ್ಲಿಸಿ ತುಂಬಬೇಡಿ, ತೆಳು ಪಾಸುಗಳಲ್ಲಿ ಏರಿಸುತ್ತಾ 50.6 ತಲುಪಿ. ಶಾಫ್ಟು ತಾನಾಗಿ ಆರಲಿ, ನೀರು ಬೇಡ. ಮತ್ತೆ 50ಕ್ಕೆ ಇಳಿಸುವ ಟರ್ನಿಂಗ್‌ಗೆ ಕಾರ್ಬೈಡ್ ಟಿಪ್ಪು, ಅಂಚಿನಿಂದ ನಡುವಿಗೆ ಸಣ್ಣ ಕಟ್. ಹೊಗೆ ಎಳೆಯುವ ಫ್ಯಾನು, ಮಾಸ್ಕು, ವೆಲ್ಡಿಂಗ್‌ನ ಕಪ್ಪು ಕನ್ನಡಕ ಇಲ್ಲದೆ ಗನ್ ಹೊತ್ತಿಸಲೇಬೇಡಿ.

ಸವೆತಕ್ಕಷ್ಟೇ ಇದು ಮದ್ದು. ಬಿರುಕು ಬಿಟ್ಟ ಶಾಫ್ಟಿಗೆ ಬಲ ಕೊಡುವುದಿಲ್ಲ. ಗೇರ್ ಹಲ್ಲಿಗೆ, ಸ್ಪ್ಲೈನಿಗೆ (ಶಾಫ್ಟಿನ ಉದ್ದಕ್ಕೆ ಕೊರೆದ ಹಲ್ಲುಗಳಿಗೆ) ಹಾಕಲೇಬಾರದು.

ಪದರ ಎದ್ದುಬಂದರೆ ಆ ಚೂರನ್ನು ಎಸೆಯಬೇಡಿ, ಶಾಫ್ಟಿನ ಮೈ ನೋಡಿ. ಲೋಹದ ಕಣವೂ ಉಳಿಯದೆ ಬರೀ ಬ್ಲಾಸ್ಟ್ ಮೈ ಕಂಡರೆ ತಪ್ಪು ತಯಾರಿಯಲ್ಲಿದೆ: ಎಣ್ಣೆ, ತೇವ, ಇಲ್ಲವೇ ಮೊಂಡು ಗ್ರಿಟ್. ಸ್ವಲ್ಪ ಪದರ ಶಾಫ್ಟಿಗೇ ಅಂಟಿಕೊಂಡು ನಡುವೆ ಸೀಳಿದ್ದರೆ, ಗನ್ ದೂರವಾಗಿ ಹನಿ ಅರೆಬರೆ ಆರಿ ಬಿದ್ದಿದೆ, ಅಥವಾ ಪಾಸುಗಳ ನಡುವೆ ಧೂಳು ಕೂತಿದೆ.