ಮೈಕೋ ಚರಿತ್ರೆ: ಆಡುಗೋಡಿ ಭಾಗದ ಕರಡು ಸಿದ್ಧವಾಗಿದೆ

ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ಬೆಂಗಳೂರಿಗರ ಬಾಯಲ್ಲಿ ಮೈಕೋ, ಜರ್ಮನಿಯ ಬಾಷ್ ಸಂಸ್ಥೆಯ ಭಾರತೀಯ ಅಂಗಸಂಸ್ಥೆಯಾಗಿ ಬೆಳೆದ ಬಗೆಯನ್ನು ಬಿಡುವಿನ ವೇಳೆಯಲ್ಲಿ ಬರೆದಿಡುತ್ತಿರುವ ನನ್ನ ಕೆಲಸ ಈಗ ಒಂದು ಘಟ್ಟ ಮುಟ್ಟಿದೆ. ಇಂಥ ಚರಿತ್ರೆಯನ್ನು ಷೇರು ಪಾಲು, ಆಡಳಿತ ಮಂಡಳಿ, ಹೆಸರು ಬದಲಾವಣೆಗಳ ಕ್ರಮದಲ್ಲಿ ಜೋಡಿಸುವುದು ರೂಢಿ. ಆ ಕ್ರಮದಲ್ಲಿ ಹೊರಟರೆ 1951ರಲ್ಲಿ ಸ್ಥಾಪನೆ, 2008ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೊಸ ಹೆಸರು, ಇಂದು ಶೇ 70ಕ್ಕೂ ಹೆಚ್ಚು ಪಾಲು ಮಾತೃಸಂಸ್ಥೆಯ ಕೈಯಲ್ಲಿ ಎಂಬಲ್ಲಿಗೆ ಕಥೆ ಮುಗಿದುಹೋಗುತ್ತದೆ. ಯಾವ ಕಾರ್ಖಾನೆಯಿಂದ ಯಾವ ಬಿಡಿಭಾಗ ಯಾವಾಗ, ಯಾಕೆ ಹೊರಬಂತು ಎಂಬುದನ್ನು ಹಿಡಿದರೆ ಮಾತ್ರ ಕಂಪನಿಯ ನಿಜವಾದ ತಿರುವುಗಳು ಕಾಣುತ್ತವೆ ಎಂಬುದು ನನ್ನ ಎಣಿಕೆ. ಕರಡನ್ನೂ ಹಾಗೆಯೇ ಕಟ್ಟಿದ್ದೇನೆ.

ಆರಂಭದ ಅಧ್ಯಾಯ ಚಿಕ್ಕದು. 1922ರಲ್ಲಿ ಕಲ್ಕತ್ತೆಯಲ್ಲಿ ಇಲೀಸ್ ಕಂಪನಿಯ ಮೂಲಕ ಬಾಷ್ ಸರಕಿನ ಮಾರಾಟ ಶುರುವಾಯಿತು, ಮುಂದಿನ ಸುಮಾರು ಮೂರು ದಶಕ ನಡೆದದ್ದು ಬರೀ ಆಮದು ವ್ಯಾಪಾರ. 1950ರ ದಶಕದ ಅಧ್ಯಾಯವನ್ನು ಮಾತ್ರ ಹಿಗ್ಗಿಸಿ ಬರೆದಿದ್ದೇನೆ. 1953ರ ಸುಂಕ ಆಯೋಗದ ವರದಿಯ ನಂತರ, ಬಿಡಿಭಾಗ ತರಿಸಿ ಇಲ್ಲಿ ಜೋಡಿಸಿ ಮಾರುತ್ತಿದ್ದ ವಿದೇಶಿ ಕಂಪನಿಗಳಿಗೆ ನೆಲೆ ಇಲ್ಲದಂತಾಯಿತು. ಜನರಲ್ ಮೋಟರ್ಸ್ ತನ್ನ ಜೋಡಣಾ ಘಟಕವನ್ನು ಮುಚ್ಚಿತು. 1954ರಲ್ಲಿ, ಮುಂದೆ ಟಾಟಾ ಮೋಟರ್ಸ್ ಆದ ಟೆಲ್ಕೋ ಡೈಮ್ಲರ್ ಬೆಂಝ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಡೀಸೆಲ್ ಲಾರಿ ತಯಾರಿಸತೊಡಗಿತು, ಮದ್ರಾಸಿನಲ್ಲಿ ಅಶೋಕ್ ಲೇಲ್ಯಾಂಡ್ ರೂಪುಗೊಂಡಿತು. ಇವೆಲ್ಲಕ್ಕೂ ಎಂಜಿನ್ನಿಗೆ ಡೀಸೆಲನ್ನು ಒತ್ತಡದಲ್ಲಿ ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಪಂಪ್ ಬೇಕು, ಅದನ್ನು ದೇಶದೊಳಗೇ ಮಾಡಬೇಕು. 1927ರಿಂದಲೇ ಡೀಸೆಲ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದ ಬಾಷ್‌ಗೆ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಇರಲಿಲ್ಲ.

ಈ ಭಾಗಕ್ಕಾಗಿ ಹಳೆಯ ಇನ್‌ಲೈನ್ ಪಂಪೊಂದನ್ನು ಬಿಚ್ಚಿ ನೋಡಿದೆ. ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಡೀಸೆಲನ್ನು ಒತ್ತುವ ಒಂದೊಂದು ದಂಡ, ಎಂದರೆ ಪ್ಲಂಜರ್, ಅದು ಓಡಾಡಲೊಂದು ಕೊಳವೆ, ಎಂದರೆ ಬ್ಯಾರಲ್, ಎಲ್ಲವೂ ಒಂದೇ ಸಾಲಿನಲ್ಲಿ. ಇವೆರಡರ ನಡುವಿನ ಸಂದು ಕೆಲವೇ ಮೈಕ್ರಾನ್. ಜೋಡಿಯಾಗಿ ಉಜ್ಜಿ ನಯಗೊಳಿಸಿದ ಕಾರಣ ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರಲಿಗೆ ಹಾಕುವಂತಿಲ್ಲ. ಫಲಕದ ಮೇಲಿನ ಪಿಇಎಸ್ 6ಎ 90 ಎಂಬ ಗುರುತನ್ನು ಬಿಡಿಸಿದರೆ, ಪ್ಲಂಜರುಗಳನ್ನು ಎತ್ತುವ ಕ್ಯಾಮ್‌ಶಾಫ್ಟ್ ತನ್ನೊಳಗೇ ಇರುವ, ಮುಂಬದಿಯ ಫ್ಲ್ಯಾಂಜಿನಿಂದ ಕೂರಿಸುವ, ಆರು ಸಿಲಿಂಡರಿನ, ಎ ಗಾತ್ರದ, 9 ಮಿಲಿಮೀಟರ್ ಪ್ಲಂಜರಿನ ಪಂಪು ಎಂದು ತಿಳಿಯುತ್ತದೆ. ಇಷ್ಟು ಸೂಕ್ಷ್ಮದ ಕೆಲಸಕ್ಕೆ ಕೈಗಳನ್ನು ಪಳಗಿಸುವುದೇ ಆ ಕಾರ್ಖಾನೆಯ ಮುಖ್ಯ ಬಂಡವಾಳವಾಗಿತ್ತೆಂದು ನನಗನ್ನಿಸುತ್ತದೆ. ಆ ಕೈಗಳಿಗೂ ಆಡಳಿತಕ್ಕೂ ತಿಕ್ಕಾಟ ಇಲ್ಲದಿರಲಿಲ್ಲ: 1960ರ ದಶಕದ ಮುಷ್ಕರವೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1969ರ ಆ ತೀರ್ಪನ್ನು ಕಾರ್ಮಿಕ ಕಾನೂನು ಓದುವವರು ಇಂದಿಗೂ ಉಲ್ಲೇಖಿಸುತ್ತಾರೆ.

ಸ್ಪಾರ್ಕ್ ಪ್ಲಗ್‌ಗಳ ಕಾಲ ಗುರುತಿಸುವ ಕೆಲಸ ಮಾತ್ರ ಇನ್ನೂ ಸಾಗಿದೆ. ಹಳೆಯ ಮೈಕೋ ಪ್ಲಗ್ಗುಗಳಲ್ಲಿ 145, 175, 225 ಎಂಬ ಮೂರಂಕಿಯ ಶಾಖಮೌಲ್ಯ ಇರುತ್ತದೆ. ಸಂಖ್ಯೆ ಏರಿದಷ್ಟೂ ಪ್ಲಗ್ ತಂಪು, ಎಂದರೆ ಶಾಖವನ್ನು ಬೇಗ ಹೊರಹಾಕುವಂಥದ್ದು. ಮುಂದೆ ಬಂದ ಪದ್ಧತಿಯಲ್ಲಿ ಲೆಕ್ಕ ತಲೆಕೆಳಗು: 145ಕ್ಕೆ 8, 175ಕ್ಕೆ 7, 225ಕ್ಕೆ 5. ಎಷ್ಟೋ ವರ್ಷ ಎರಡೂ ಪದ್ಧತಿಯ ಪ್ಲಗ್ಗುಗಳು ಅಂಗಡಿಗಳಲ್ಲಿ ಅಕ್ಕಪಕ್ಕದಲ್ಲೇ ಇದ್ದುದರಿಂದ, ಅಂಕಿಯೊಂದನ್ನೇ ನೋಡಿ ವರ್ಷ ಹೇಳುವುದು ಸರಿಯಲ್ಲ. ಪಿಂಗಾಣಿಯ ಮೇಲಿನ ಅಚ್ಚು, ಪೊಟ್ಟಣದ ವಿನ್ಯಾಸ ಎಲ್ಲವನ್ನೂ ಕೂಡಿಸಿ ತೂಗಬೇಕಾಗುತ್ತದೆ.

ಆಡುಗೋಡಿಯ ಹೊರಗಿನ ಬೆಳವಣಿಗೆಗೆ ಸದ್ಯಕ್ಕೆ ಒಂದೊಂದು ಪುಟ ಮೀಸಲಿಟ್ಟಿದ್ದೇನೆ. 1970ರ ಆಸುಪಾಸಿನಲ್ಲಿ ನಾಸಿಕ್‌ನಲ್ಲಿ ಡೀಸೆಲನ್ನು ಸಿಲಿಂಡರಿನೊಳಗೆ ಸಿಂಪಡಿಸುವ ನಾಝಲ್ ಮತ್ತು ಇಂಜೆಕ್ಟರುಗಳ ಕಾರ್ಖಾನೆ, ಆಮೇಲೆ ಬೆಂಗಳೂರಿನ ಅಂಚಿನ ನಾಗನಾಥಪುರ, 1999ರಲ್ಲಿ ಜೈಪುರ. ಇವುಗಳ ಹಿಂದೆ ಬಂದ, ಎಲ್ಲ ಸಿಲಿಂಡರುಗಳಿಗೂ ಒತ್ತಡ ತುಂಬಿದ ಒಂದೇ ಕೊಳವೆಯಿಂದ ಡೀಸೆಲ್ ಒದಗಿಸುವ ಕಾಮನ್ ರೈಲ್ ತಂತ್ರ ಹೆಚ್ಚು ಜಾಗ ಕೇಳುತ್ತದೆ, ಏಕೆಂದರೆ ಇಡೀ ಕಥೆಯ ದೊಡ್ಡ ತಿರುವು ನನ್ನ ಪ್ರಕಾರ ಅದೇ. ಇನ್‌ಲೈನ್ ಪಂಪಿನಲ್ಲಿ ಡೀಸೆಲಿನ ಒತ್ತಡ, ಅಳತೆ, ಚಿಮ್ಮುವ ಹೊತ್ತು ಮೂರನ್ನೂ ಲೋಹದ ಅಂಗಗಳೇ ನಿರ್ಧರಿಸುತ್ತಿದ್ದವು. ಕಾಮನ್ ರೈಲಿನಲ್ಲಿ ಪಂಪಿಗೆ ಉಳಿದದ್ದು ಒತ್ತಡ ಕಟ್ಟುವ ಕೆಲಸವಷ್ಟೇ, ಮಿಕ್ಕದ್ದು ಎಲೆಕ್ಟ್ರಾನಿಕ್ ನಿಯಂತ್ರಣದ ಪಾಲಾಯಿತು. 2017ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 4, 2020ರ ಏಪ್ರಿಲ್‌ನಲ್ಲಿ ಸ್ಟೇಜ್ 6 ದೇಶವ್ಯಾಪಿಯಾದ ಮೇಲೆ ಹೊಸ ಲಾರಿ, ಬಸ್ಸುಗಳಲ್ಲಿ ಹಳೆಯ ಪಂಪಿಗೆ ಎಡೆಯೇ ಉಳಿಯಲಿಲ್ಲ. ಅಷ್ಟರೊಳಗೆ, 2015ರಲ್ಲಿ ಬಿಡದಿಯ ಹೊಸ ಘಟಕ ಆರಂಭವಾಗಿ ಆಡುಗೋಡಿಯ ಯಂತ್ರಗಳು ಅತ್ತ ಸಾಗತೊಡಗಿದ್ದವು. 2022ರಲ್ಲಿ, ಕಲ್ಕತ್ತೆಯ ಮಾರಾಟಕ್ಕೆ ನೂರು ತುಂಬಿದ ಹೊತ್ತಿಗೆ, ಆಡುಗೋಡಿಯ ಅದೇ ನೆಲ ತಂತ್ರಜ್ಞಾನ ಕ್ಯಾಂಪಸ್ ಆಗಿ ಉದ್ಘಾಟನೆಗೊಂಡಿತು. ಇತ್ತ ಹೆಸರು ಹೋದರೂ ಬಿ.ಟಿ.ಎಂ. ಪಕ್ಕದ ಮೈಕೋ ಲೇಔಟ್ ಮತ್ತು ಅಲ್ಲಿನ ಪೊಲೀಸ್ ಠಾಣೆಯ ಫಲಕ ಹಾಗೆಯೇ ಇವೆ. ನಕ್ಷೆಯ ಪುಟಕ್ಕೆ ಇದನ್ನೂ ಸೇರಿಸಿದ್ದೇನೆ.

ಮುಂದಿನ ಸರದಿ ನಾಸಿಕ್‌ನದು. ಅಲ್ಲಿನ ನಾಝಲ್‌ಗಳ ಮಾದರಿ ಸಂಖ್ಯೆಗಳನ್ನು ಟೆಲ್ಕೋ ಮತ್ತು ಲೇಲ್ಯಾಂಡ್ ಎಂಜಿನ್ನುಗಳ ಸರ್ವಿಸ್ ಕೈಪಿಡಿಗಳೊಂದಿಗೆ ತಾಳೆ ನೋಡುವ ಪಟ್ಟಿ ಅರ್ಧಕ್ಕೆ ಬಂದಿದ್ದು, ಅದು ಮುಗಿದ ಮೇಲಷ್ಟೇ ಜೈಪುರದ ಪುಟವನ್ನು ಬಿಡಿಸಿ ಬರೆಯುತ್ತೇನೆ.